ನಂಜು ಯಾರ ರಕ್ತಕ್ಕೆ ಏರುತ್ತೆ?

ರಕ್ತಶುದ್ಧಿಯ ಮಾತು ನಮಗೆ ಹೊಸದಲ್ಲ. ಆ ಮಾತು ಹೇಳಿಕೊಂಡೇ ಜಾತಿವಂತರು ನಮ್ಮನ್ನು ಊರಾಚೆ ಇಟ್ಟರು. ಈಗ ನಿಜವಾಗಿಯೂ ರಕ್ತ ಸೋಸುವ ಯಂತ್ರ ಬಂದಿದೆ. ಅದೇನೆಂದು ಹಾಸ್ಟೆಲ್ಲಿನ ನಾವು ತಿಳಿದಿರಬೇಕು.

ಗಾಯದಲ್ಲೋ ಕರುಳಲ್ಲೋ ಸೋಂಕು ಹುಟ್ಟಿ, ಅದಕ್ಕೆ ದೇಹ ಹದ್ದುಮೀರಿ ಕೆರಳಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದಕ್ಕೆ ಡಾಕ್ಟರು ಸೆಪ್ಸಿಸ್ ಅಂತಾರೆ. ಕೇರಿಯಲ್ಲಿ ನಾವು ‘ನಂಜೇರಿತು’ ಅಂತೀವಿ. ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆಯ ಚೂರೇ ವಿಷ. ಅದರ ಹೆಸರು ಎಂಡೋಟಾಕ್ಸಿನ್. ಪಾಲಿಮಿಕ್ಸಿನ್ ಬಿ ಎಂಬ ಔಷಧಿಗೆ ಈ ವಿಷ ಅಂಟಿಕೊಳ್ಳುತ್ತೆ. ಆ ಔಷಧಿಯನ್ನು ಸಣ್ಣ ಎಳೆಗಳಿಗೆ ಕೂರಿಸಿ, ರೋಗಿಯ ರಕ್ತವನ್ನು ಅದರ ಮೂಲಕ ಹಾಯಿಸಿ ಮತ್ತೆ ಮೈಗೆ ಬಿಡುತ್ತಾರೆ. ಜಪಾನಿನಲ್ಲಿ ಇದು 1994ರಿಂದ ಬಳಕೆಯಲ್ಲಿದೆ.

ಜೀವ ಉಳಿಯಿತೇ? 2009ರಲ್ಲಿ ಇಟಲಿಯ 64 ರೋಗಿಗಳ ಪರೀಕ್ಷೆ ಹೌದೆಂದಿತು. ಅಮೆರಿಕ, ಕೆನಡಾಗಳ 450 ರೋಗಿಗಳ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. 28 ದಿನದೊಳಗೆ ಸತ್ತವರು, ಯಂತ್ರ ಹಾಕಿದವರಲ್ಲಿ ಶೇ. 37.7, ಹಾಕದವರಲ್ಲಿ ಶೇ. 34.5. ಲಾಭ ಕಾಣಲಿಲ್ಲ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದು ಬೇಡವೆಂದೇ ಸಲಹೆ ಕೊಟ್ಟಿತು. ಬೆಂಕಿ ಹತ್ತಿದ ಮೇಲೆ ಕಡ್ಡಿ ಕಿತ್ತುಕೊಂಡರೆ ಗುಡಿಸಲು ಉಳಿಯುತ್ತದೆಯೇ?

ನಾವು ವಿಜ್ಞಾನದ ವಿರೋಧಿಗಳಲ್ಲ. ಸಂಶೋಧನೆ ನಡೆಯಲಿ. ಆದರೆ ಅದೇ ಮಾರ್ಗಸೂಚಿ ಇನ್ನೊಂದು ಮಾತೂ ಹೇಳಿದೆ: ನಂಜಿನಿಂದ ರಕ್ತದೊತ್ತಡ ಕುಸಿದವರಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಬೀಳಬೇಕು. ನಮ್ಮ ಕೇರಿಯಿಂದ ಆಸ್ಪತ್ರೆಗೆ ಎಷ್ಟು ಗಂಟೆ? ಅಂದಾಜಿನ ಪ್ರಕಾರ 2017ರಲ್ಲಿ ಲೋಕದಲ್ಲಿ ನಂಜಿನಿಂದ ಸತ್ತವರು 1 ಕೋಟಿ 10 ಲಕ್ಷ. ಕಾಯಿಲೆ ಬಿದ್ದವರಲ್ಲಿ ಶೇ. 85ರಷ್ಟು ಮಂದಿ ಬಡ ಮತ್ತು ಮಧ್ಯಮ ದೇಶದವರು.

ಗಾಜು ಚುಚ್ಚುವುದು ಯಾರ ಕಾಲಿಗೆ? ಮೋರಿಗೆ ಇಳಿದವನ ಕಾಲಿಗೆ. ರಕ್ಷಣಾ ಸಲಕರಣೆ ಕೊಡದೆ ಯಾರನ್ನೂ ಒಳಚರಂಡಿಗೆ ಇಳಿಸಬಾರದೆಂದು 2013ರ ಕಾಯ್ದೆಯೇ ಹೇಳುತ್ತೆ. ಕಾಯ್ದೆ ಕಾಗದದಲ್ಲಿದೆ, ನಮ್ಮವರು ಕೊಚ್ಚೆಯಲ್ಲಿದ್ದಾರೆ. ಒಂದು ಜೊತೆ ಬೂಟು, ಗಾಯ ತೊಳೆಯಲು ಶುದ್ಧ ನೀರು, ಹತ್ತಿರದಲ್ಲಿ ಡಾಕ್ಟರು, ಹೊತ್ತಿಗೆ ಸರಿಯಾಗಿ ಔಷಧಿ. ರಕ್ತ ಸೋಸುವ ಮೊದಲು ಇದನ್ನು ಕೊಡಿ ಅಂತ ನಾವು ಕೇಳಬೇಕು.

ಗೆಳೆಯರೇ, ರಜೆಗೆ ಊರಿಗೆ ಹೋದಾಗ ಇಷ್ಟು ಹೇಳಿ. ಗಾಯವೋ ಜ್ವರವೋ ಇದ್ದವರಿಗೆ ನಡುಕ, ಏದುಸಿರು, ತಲೆ ಮಂಕು, ಉಚ್ಚೆ ಕಮ್ಮಿ, ಇವು ಕಂಡರೆ ತಾಯತ ಕಟ್ಟಿ ಕೂರಬೇಡಿ. ಎತ್ತಿಕೊಂಡು ಆಸ್ಪತ್ರೆಗೆ ಓಡಿ. ‘ಇದು ನಂಜಾ, ಡಾಕ್ಟ್ರೇ?’ ಅಂತ ಗಟ್ಟಿಯಾಗಿ ಕೇಳಿ. ನಾವು ಓದಿದ ಅಕ್ಷರ ಮೊದಲು ಆ ಬಾಗಿಲಲ್ಲಿ ಮಾತಾಡಲಿ.