ನೋಟ ಮತ್ತು ನುಡಿ

ಛಾಯಾಚಿತ್ರವು ಸತ್ಯವನ್ನೇ ಹೇಳುತ್ತದೆಂಬ ನಂಬಿಕೆ ಲೋಕದಲ್ಲಿ ಬಲವಾಗಿ ಬೇರೂರಿದೆ. ಬರಹಗಾರನು ಉತ್ಪ್ರೇಕ್ಷೆ ಮಾಡಬಹುದು, ಭಾಷಣಕಾರನು ಮರೆಮಾಚಬಹುದು. ಆದರೆ ಕ್ಯಾಮೆರಾ ತನ್ನೆದುರಿಗಿದ್ದುದನ್ನು ಇದ್ದಂತೆಯೇ ಹಿಡಿಯುತ್ತದೆಂಬುದು ಜನರ ಭಾವನೆ. ಕನ್ನಡದ ಗಾದೆಯಾದರೋ ಇದಕ್ಕಿಂತ ಎಚ್ಚರದ ಮಾತನ್ನಾಡಿದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಕಣ್ಣು ಕಂಡದ್ದು ಮನಸ್ಸಿಗಿಳಿದು, ವಿವೇಕದ ಒರೆಗಲ್ಲಿಗೆ ತಾಗಿ, ನುಡಿಯಾಗಿ ಹೊರಬಂದಾಗಲೇ ಅದು ಕಂಡವನ ಪಾಲಿಗೆ ಅರ್ಥವುಳ್ಳದ್ದಾಗುತ್ತದೆ. ನೋಡುವುದನ್ನೇ ವೃತ್ತಿಯಾಗಿಸಿಕೊಂಡವನಿಗೆ ಈ ಮಾತು ಎಲ್ಲರಿಗಿಂತ ಹೆಚ್ಚಾಗಿ ಅನ್ವಯಿಸುತ್ತದೆ.

ಛಾಯಾಗ್ರಾಹಕನೊಬ್ಬನು ಲೇಖನಿ ಹಿಡಿದನೆಂದರೆ ಅದನ್ನು ಬಿಡುವಿನ ಹವ್ಯಾಸವೆಂದೋ, ಕೀರ್ತಿಗೆ ಇನ್ನೊಂದು ಹಾದಿಯೆಂದೋ ಎಣಿಸುವವರುಂಟು. ಈ ಎಣಿಕೆ ಸರಿಯಾದುದಲ್ಲ. ಕ್ಯಾಮೆರಾದ ಕಣ್ಣು ಸದಾ ಹೊರಮುಖವಾದುದು. ಅದು ಪರರ ಸುಖದುಃಖಗಳನ್ನು ಸೆರೆಹಿಡಿಯುತ್ತದೆ. ಹಿಡಿದವನ ಒಳಗೇನಾಯಿತೆಂಬುದನ್ನು ಹೇಳುವುದಿಲ್ಲ. ಹೊರಗಿನದನ್ನೇ ಹೊತ್ತು ಹೊತ್ತು ಒಂದು ಕಡೆಗೆ ವಾಲಿದ ತಕ್ಕಡಿಯನ್ನು ಮರಳಿ ಸಮಕ್ಕೆ ತರುವ ಸಾಧನವಾಗಿ ಅವನು ಬರಹವನ್ನು ಆಶ್ರಯಿಸುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಉಜ್ವಲ ನಿದರ್ಶನವಾದವರು ಅಮೆರಿಕದ ಗಾರ್ಡನ್ ಪಾರ್ಕ್ಸ್.

ಕ್ಯಾನ್ಸಾಸ್ ಪ್ರಾಂತದ ಫೋರ್ಟ್ ಸ್ಕಾಟ್ ಎಂಬ ಸಣ್ಣ ಊರಿನಲ್ಲಿ, ಬಡ ಕಪ್ಪು ಕುಟುಂಬವೊಂದರ ಹದಿನೈದು ಮಕ್ಕಳಲ್ಲಿ ಕಿರಿಯರಾಗಿ ಪಾರ್ಕ್ಸ್ ೧೯೧೨ರಲ್ಲಿ ಜನಿಸಿದರು. ಕಪ್ಪು ಮಕ್ಕಳು ಕಾಲೇಜಿಗೆ ಹೋಗಿ ಹಣ ಹಾಳುಮಾಡುವುದು ಬೇಡ, ಹೇಗಿದ್ದರೂ ಕೂಲಿಯಾಳುಗಳೂ ಮನೆಗೆಲಸದವರೂ ಆಗುವವರು ಎಂದು ಶಾಲೆಯ ಶಿಕ್ಷಕಿಯೊಬ್ಬರು ಬುದ್ಧಿ ಹೇಳಿದ್ದನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡು ಮಿನ್ನೆಸೋಟದ ಸೇಂಟ್ ಪಾಲ್ ನಗರದ ಅಕ್ಕನ ಮನೆ ಸೇರಿದರು. ಭಾವನೊಡನೆ ಜಗಳವಾಗಿ, ಹಿಮ ಸುರಿಯುವ ಚಳಿಗಾಲದಲ್ಲಿ ಆ ಮನೆಯಿಂದಲೂ ಹೊರಬಿದ್ದರು. ಟ್ರಾಮ್ ಬಂಡಿಗಳಲ್ಲಿ ಕುಳಿತು ರಾತ್ರಿ ಕಳೆದುದುಂಟು. ಶಾಲಾ ಶಿಕ್ಷಣ ಪೂರ್ಣವಾಗಲಿಲ್ಲ. ರೈಲಿನ ಊಟದ ಗಾಡಿಯಲ್ಲಿ ಮಾಣಿಯಾಗಿದ್ದಾಗ, ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ವಲಸೆಹೊರಟ ಬಡ ರೈತರ ಚಿತ್ರಗಳನ್ನು ಕಂಡರು. ೧೯೩೦ರ ದಶಕದ ಕೊನೆಯ ವರ್ಷಗಳಲ್ಲಿ ಗಿರವಿ ಅಂಗಡಿಯೊಂದರಿಂದ ಹಳೆಯ ಕ್ಯಾಮೆರಾ ಕೊಂಡರು. ಬಡತನಕ್ಕೂ ವರ್ಣದ್ವೇಷಕ್ಕೂ ಉತ್ತರವಾಗಿ ಚಾಕು ಚೂರಿ ಹಿಡಿಯಬಹುದಾಗಿದ್ದ ಕೈ ಕ್ಯಾಮೆರಾವನ್ನು ಹಿಡಿಯಿತು. ೧೯೬೬ರಲ್ಲಿ ಪ್ರಕಟವಾದ ಆತ್ಮಕಥೆಗೆ ಅವರು 'ಆಯುಧದ ಆಯ್ಕೆ' ಎಂಬರ್ಥದ ಹೆಸರಿಟ್ಟುದು ಇದೇ ಕಾರಣಕ್ಕೆ.

೧೯೪೨ರಲ್ಲಿ ಪಾರ್ಕ್ಸ್ ವಾಷಿಂಗ್ಟನ್ನಿನ ಸರಕಾರಿ ಕಚೇರಿಯೊಂದರ ಛಾಯಾಗ್ರಹಣ ವಿಭಾಗವನ್ನು ಸೇರಿದರು. ರಾಜಧಾನಿಯ ಅಂಗಡಿ, ಉಪಾಹಾರಗೃಹ, ಚಿತ್ರಮಂದಿರಗಳಲ್ಲಿ ಅವರಿಗೆ ದೊರೆತುದು ತಿರಸ್ಕಾರ. ಆ ಕೋಪದಲ್ಲಿದ್ದಾಗಲೇ, ಅದೇ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದ ಎಲಾ ವಾಟ್ಸನ್ ಎಂಬ ಹೆಂಗಸಿನೊಡನೆ ಮಾತನಾಡುವಂತೆ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಅವರಿಗೆ ಸೂಚಿಸಿದರು. ರಾಷ್ಟ್ರಧ್ವಜದ ಮುಂದೆ, ಪಕ್ಕದಲ್ಲಿ ಪೊರಕೆಯನ್ನೂ ನೆಲವೊರಸುವ ಕೋಲನ್ನೂ ಇರಿಸಿಕೊಂಡು ನಿಂತ ಆ ಹೆಂಗಸಿನ ಚಿತ್ರ ಜಗತ್ಪ್ರಸಿದ್ಧವಾಯಿತು. ಗಮನಿಸತಕ್ಕ ಸಂಗತಿಯೆಂದರೆ, ಚಿತ್ರಕ್ಕೆ ಮೊದಲು ಮಾತುಕತೆ ನಡೆಯಿತು. ಆಕೆಯ ಬಾಳಿನ ಕಥೆಯನ್ನು ಕೇಳಿದ ಮೇಲೆಯೇ ಆ ನೋಟಕ್ಕೆ ಬಲ ಬಂದಿತು.

೧೯೪೮ರಲ್ಲಿ 'ಲೈಫ್' ವಾರಪತ್ರಿಕೆಗಾಗಿ ಪಾರ್ಕ್ಸ್ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಪುಂಡರ ತಂಡವೊಂದರ ತರುಣ ನಾಯಕನೊಡನೆ ಕೆಲವು ವಾರಗಳಿದ್ದು ನೂರಾರು ಚಿತ್ರಗಳನ್ನು ತೆಗೆದರು. ಪತ್ರಿಕೆಯಲ್ಲಿ ಅಚ್ಚಾದವು ಇಪ್ಪತ್ತೊಂದು. ಆಯ್ಕೆ ಮಾಡಿದವರು, ಅಂಚು ಕತ್ತರಿಸಿದವರು, ಅಡಿಬರಹ ಬರೆದವರು ಬೇರೆಯವರು. ತರುಣನ ಬಾಳಿನ ಹಿಂಸೆ ಭಯಗಳೇ ಮುಂದೆ ಬಂದು, ಅವನ ಮೃದುವಾದ ಮುಖ ಹಿಂದೆ ಸರಿಯಿತು. ೨೦೧೩ರಲ್ಲಿ ನ್ಯೂ ಆರ್ಲಿಯನ್ಸ್ ಕಲಾಸಂಗ್ರಹಾಲಯವು ಈ ಆಯ್ಕೆಯ ಕಥೆಯನ್ನೇ ವಿಷಯವಾಗಿಸಿ ಪ್ರದರ್ಶನವೊಂದನ್ನು ಏರ್ಪಡಿಸಿತ್ತು. ಚಿತ್ರ ಸುಳ್ಳಾಡಲಿಲ್ಲ, ಆದರೆ ಅದರ ಬಾಯಲ್ಲಿ ಯಾವ ಮಾತನ್ನು ಆಡಿಸಬೇಕೆಂಬುದನ್ನು ಇತರರು ನಿರ್ಧರಿಸಿದರು. ಪರರ ಅಡಿಬರಹಕ್ಕೆ ಸದಾ ಈಡಾಗುವ ವಸ್ತು ಛಾಯಾಚಿತ್ರವೆಂಬ ಸತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಪಾರ್ಕ್ಸ್ ಬರೆದ ಮೊದಲ ಎರಡು ಪುಸ್ತಕಗಳು, ೧೯೪೭ ಮತ್ತು ೧೯೪೮ರವು, ಛಾಯಾಗ್ರಹಣದ ತಂತ್ರವನ್ನು ಕುರಿತವು. ಹೇಗೆ ತೆಗೆಯಬೇಕೆಂಬುದಕ್ಕೆ ಅವು ಉತ್ತರ ಹೇಳಿದವು. ಏತಕ್ಕೆಂಬ ಪ್ರಶ್ನೆ ಉಳಿದೇ ಇತ್ತು. ಐವತ್ತರ ವಯಸ್ಸಿನಲ್ಲಿ, ೧೯೬೩ರಲ್ಲಿ, ಅವರು 'ದಿ ಲರ್ನಿಂಗ್ ಟ್ರೀ' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ತಮ್ಮ ಬಾಲ್ಯದ ಊರನ್ನು ಹೋಲುವ ಊರೊಂದರಲ್ಲಿ ನಡೆಯುವ ಈ ಕಥೆಯ ನಾಯಕ ನ್ಯೂಟ್ ಎಂಬ ಹುಡುಗ. ಅವನು ಒಂದು ಕೊಲೆಯನ್ನು ಕಣ್ಣಾರೆ ಕಾಣುತ್ತಾನೆ. ಕೊಂದವನು ಕಪ್ಪು ಮನುಷ್ಯ, ಸತ್ತವನು ಬಿಳಿಯ ರೈತ, ಆರೋಪ ಹೊತ್ತವನು ನಿರಪರಾಧಿ. ನಿಜ ನುಡಿದರೆ ತನ್ನ ಜನರ ಮೇಲೆಯೇ ಊರು ಮುರಿದುಬೀಳಬಹುದು. ನುಡಿಯದಿದ್ದರೆ ನಿರಪರಾಧಿಗೆ ಶಿಕ್ಷೆಯಾಗುತ್ತದೆ. ಹುಡುಗನು ನ್ಯಾಯಾಲಯದಲ್ಲಿ ನಿಂತು ಕಂಡುದನ್ನು ಹೇಳುತ್ತಾನೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕ್ಯಾಮೆರಾ ಹಿಡಿದಿದ್ದವನ ಮೊದಲ ಕಾದಂಬರಿಯ ತಿರುಳು ಇದಾದುದು ಆಕಸ್ಮಿಕವೆನ್ನಲಾಗದು. ಕಾಣುವುದು ಅರ್ಧ ಕರ್ತವ್ಯ ಮಾತ್ರ. ಕಂಡವನು ತನ್ನ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ ನುಡಿದಾಗಲೇ ಅದು ಸಾಕ್ಷ್ಯವಾಗುತ್ತದೆ.

ಬರಹ ಅವರಿಗೆ ಇನ್ನೊಂದು ಲಾಭವನ್ನೂ ತಂದಿತು. ತಾಯಿ ತೀರಿಕೊಂಡಾಗ ಆಕೆಯ ಶವಪೆಟ್ಟಿಗೆಯ ಬಳಿಯಲ್ಲಿ ಒಂದು ರಾತ್ರಿ ಮಲಗಿ ಹುಡುಗನು ಸಾವಿನ ಭಯವನ್ನು ಎದುರಿಸಿದ ಸಂಗತಿಯನ್ನು ಯಾವ ಕ್ಯಾಮೆರಾ ಹಿಡಿದಿತ್ತು? ಟ್ರಾಮಿನಲ್ಲಿ ನಡುಗುತ್ತ ಕಳೆದ ಇರುಳಿಗೆ ಯಾವ ಚಿತ್ರವಿತ್ತು? ಬಡವರ ಬಾಲ್ಯಕ್ಕೆ ಚಿತ್ರಸಂಪುಟಗಳಿರುವುದಿಲ್ಲ. ಲೋಕದ ದುಃಖಕ್ಕೆಲ್ಲ ರೂಪು ಕೊಟ್ಟವನ ಸ್ವಂತ ದುಃಖಕ್ಕೆ ರೂಪವೇ ಇರಲಿಲ್ಲ. ನುಡಿಯೊಂದೇ ಅಲ್ಲಿಗೆ ಹಿಂದಿರುಗಬಲ್ಲುದಾಗಿತ್ತು. ಬರಹದಿಂದ ದೊರೆಯುವ ಸಮತೋಲವೆಂದರೆ ಇದೇ: ಪರರನ್ನು ಕಂಡ ಕಣ್ಣು ತನ್ನನ್ನೂ ಕಾಣುವುದು.

ಪಾರ್ಕ್ಸರ ಬಾಳಿನಲ್ಲಿ ಈ ವಿಚಾರ ಅತ್ಯಂತ ಕಠಿಣವಾದ ಪರೀಕ್ಷೆಗೆ ಒಳಗಾದುದು ಫ್ಲಾವಿಯೊ ಎಂಬ ಬಾಲಕನ ಪ್ರಸಂಗದಲ್ಲಿ. ೧೯೬೧ರಲ್ಲಿ 'ಲೈಫ್' ಪತ್ರಿಕೆ ಅವರನ್ನು ಬ್ರೆಜಿಲಿನ ರಿಯೊ ಡಿ ಜನೈರೊ ನಗರಕ್ಕೆ ಕಳುಹಿಸಿತು. ಅಲ್ಲಿನ ಗುಡ್ಡದ ಕೊಳೆಗೇರಿಯಲ್ಲಿ, ತಮ್ಮ ತಂಗಿಯರನ್ನು ತಾನೇ ಸಾಕುತ್ತ, ಉಬ್ಬಸದಿಂದ ಬಳಲುತ್ತಿದ್ದ ಹನ್ನೆರಡು ವರ್ಷದ ಬಾಲಕನ ಚಿತ್ರಗಳು ಅದೇ ವರ್ಷ ಜೂನ್ ತಿಂಗಳಿನಲ್ಲಿ ಪ್ರಕಟವಾದವು. ಓದುಗರ ಹೃದಯ ಕರಗಿತು. ಯಾರೂ ಕೇಳದೆಯೇ ಸುಮಾರು ೩೦ ಸಾವಿರ ಡಾಲರ್ ದಾನ ಹರಿದುಬಂದಿತು. ಡೆನ್ವರ್ ನಗರದ ಆಸ್ಪತ್ರೆಯೊಂದು ಉಚಿತ ಚಿಕಿತ್ಸೆ ನೀಡಲು ಮುಂದಾಯಿತು. ಕುಟುಂಬಕ್ಕೆ ಹೊಸ ಮನೆ ದೊರೆಯಿತು. ಬಾಲಕನು ಎರಡು ವರ್ಷ ಅಮೆರಿಕದಲ್ಲಿದ್ದು ಗುಣಮುಖನಾದನು. ಅಲ್ಲಿಯೇ ಉಳಿಯಬೇಕೆಂಬುದು ಅವನ ಬಯಕೆಯಾಗಿತ್ತು. ಆದರೆ ೧೯೬೩ರಲ್ಲಿ ಅವನನ್ನು ಸ್ವದೇಶಕ್ಕೆ ಹಿಂದಿರುಗಿಸಲಾಯಿತು. ಇತ್ತ ತಮ್ಮ ದೇಶದ ಬಡತನದ ಪ್ರದರ್ಶನದಿಂದ ಕೆರಳಿದ ಬ್ರೆಜಿಲಿನ ಪತ್ರಿಕೆಯೊಂದು ತನ್ನ ಛಾಯಾಗ್ರಾಹಕನನ್ನು ನ್ಯೂಯಾರ್ಕಿಗೆ ಕಳುಹಿಸಿ ಅಲ್ಲಿನ ಬಡವರ ಚಿತ್ರಗಳನ್ನು ಅಚ್ಚುಮಾಡಿತು.

ದಾನಿಗಳ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು. ಚಿತ್ರ ತೆಗೆದವನ ಪಾಲಿಗೆ ಮುಗಿಯಲಿಲ್ಲ. ಪಾರ್ಕ್ಸ್ ೧೯೭೬ರಲ್ಲಿ ಮರಳಿ ಬ್ರೆಜಿಲಿಗೆ ಹೋಗಿ, ಗೃಹಸ್ಥನಾಗಿದ್ದ ಫ್ಲಾವಿಯೊನನ್ನು ಕಂಡರು. ೧೯೭೮ರಲ್ಲಿ ಅವನ ಹೆಸರನ್ನೇ ಹೊತ್ತ ಪುಸ್ತಕವನ್ನು ಪ್ರಕಟಿಸಿದರು. ಪ್ರಾಣವುಳಿಸಿದ ಸಹಾಯ ಸಾರ್ಥಕವೆಂಬುದರಲ್ಲಿ ಸಂಶಯವಿಲ್ಲ. ಆದರೂ ಒಂದು ಎಳೆಯ ಬಾಳನ್ನು ಬೇರೊಂದು ಲೋಕಕ್ಕೆ ಎತ್ತಿ ಒಯ್ದು, ಸವಿ ತೋರಿಸಿ, ಮರಳಿ ಇಳಿಸಿದುದರ ಪರಿಣಾಮವನ್ನು ಯಾರು ಹೊರಬೇಕು? ಈ ಪ್ರಶ್ನೆಯನ್ನು ಚಿತ್ರ ಎತ್ತಲಾರದು. ಚಿತ್ರದಲ್ಲಿ ಫ್ಲಾವಿಯೊ ಎಂದೆಂದಿಗೂ ಹನ್ನೆರಡು ವರ್ಷದ ರೋಗಿ. ಬರಹದಲ್ಲಿ ಅವನು ಬೆಳೆಯುತ್ತಾನೆ, ಮುನಿಯುತ್ತಾನೆ, ಆಸೆಪಡುತ್ತಾನೆ, ಸಂಸಾರ ಹೂಡುತ್ತಾನೆ. ಚಿತ್ರ ಕರುಣೆಯನ್ನು ಹುಟ್ಟಿಸಿತು. ಬರಹ ಹೊಣೆಯನ್ನು ನೆನಪಿಸಿತು.

ನುಡಿಯೂ ಮೋಸ ಮಾಡಬಲ್ಲುದಲ್ಲವೆ, ಬರಹವೆಲ್ಲ ಪ್ರಾಮಾಣಿಕವೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟು. ಆತ್ಮಸ್ತುತಿಯೇ ತುಂಬಿದ ಆತ್ಮಕಥೆಗಳಿಗೆ ಯಾವ ಭಾಷೆಯಲ್ಲೂ ಬರವಿಲ್ಲ. ಆದರೆ ಚಿತ್ರದ ಹಿಂದೆ ತೆಗೆದವನು ಅಡಗಿ ಕುಳಿತುಕೊಳ್ಳಬಹುದು. ಬರಹದಲ್ಲಿ ಹಾಗೆ ಅಡಗುವುದು ಕಷ್ಟ. ಹೇಳಿದವನಾರು, ಯಾವ ಅಧಿಕಾರದಿಂದ ಹೇಳಿದನು ಎಂದು ಓದುಗನು ಕೇಳಿಯೇ ಕೇಳುತ್ತಾನೆ. ಬರಹದ ಬೆಲೆಯಿರುವುದು ಈ ಉತ್ತರದಾಯಿತ್ವದಲ್ಲಿ.

ಬೇರೆ ಖಂಡದ ಈ ಕಥೆ ಶರಣರ ನಾಡಿಗೆ ಹೊಸದಾಗಿ ತೋರಬೇಕಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ಅಕ್ಕಿ ಆಯುವ ಕಾಯಕದ ಮಾರಯ್ಯ ಲಕ್ಕಮ್ಮ ದಂಪತಿಗಳು ವಚನಕಾರರಾದರು. ಇವರಲ್ಲಿ ಯಾರೂ ಕಾಯಕವನ್ನು ಬಿಟ್ಟು ಕವಿಗಳಾಗಲು ಹೊರಟವರಲ್ಲ. ಕೈಯ ಕೆಲಸ ಮನಸ್ಸಿನಲ್ಲಿ ಏನನ್ನು ಮಾಡಿತೆಂಬುದನ್ನು ನುಡಿಯಲ್ಲಿಟ್ಟು ತೂಗಿ ನೋಡಿಕೊಂಡರು. ಪ್ರತಿಯೊಬ್ಬರೂ ತಮ್ಮ ಮಾತಿಗೆ ತಮ್ಮ ಅಂಕಿತವನ್ನು ಇಟ್ಟರು. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಛಾಯಾಚಿತ್ರಕ್ಕೆ ಅಡಿಬರಹವನ್ನು ಅನ್ಯರು ಬರೆಯುತ್ತಾರೆ. ವಚನಕ್ಕೆ ಅಂಕಿತವನ್ನು ನುಡಿದವನೇ ಇಡುತ್ತಾನೆ. ಈ ಭೇದವನ್ನು ಕನ್ನಡಿಗರು ಮರೆಯಬಾರದು. ಈಚಿನ ಕಾಲದಲ್ಲಿಯೂ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರು ೧೯೯೭ರಲ್ಲಿ ವೀರಪ್ಪನ್‌ನ ಸೆರೆಯಲ್ಲಿ ಹದಿನಾಲ್ಕು ದಿನ ಕಳೆದು ಬಂದ ಮೇಲೆ ಆ ಅನುಭವವನ್ನು ಕನ್ನಡದಲ್ಲಿ ಬರೆದರು. ಕಾಡನ್ನು ಕ್ಯಾಮೆರಾದಿಂದ ಅರಿತವರಿಗೂ ಅಂಥ ದಿನಗಳನ್ನು ಅರಿಯಲು ಭಾಷೆಯೇ ಬೇಕಾಯಿತು.

ವಿದ್ಯಾಸಂಸ್ಥೆಗಳಿಗೆ ಈ ವಿಚಾರ ಹತ್ತಿರದ್ದು. ಇಂದು ಪ್ರತಿಯೊಬ್ಬರ ಜೇಬಿನ ಫೋನಿನಲ್ಲೂ ಕ್ಯಾಮೆರಾ ಇದೆ. ಶಾಲೆಯಲ್ಲಿ ನಡೆಯುವ ಸಣ್ಣ ಸಮಾರಂಭಕ್ಕೂ ನೂರಾರು ಚಿತ್ರಗಳಾಗುತ್ತವೆ. ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನಗಳನ್ನು ವಿತರಿಸುವಾಗ ದಾತರು ಗಣ್ಯರು ನಡುವೆ ನಿಂತು, ಪಡೆಯುವ ಮಗು ಅಂಚಿನಲ್ಲಿ ಕೈಚಾಚಿ ನಿಂತ ಚಿತ್ರಗಳು ಎಲ್ಲ ಸಂಸ್ಥೆಗಳ ಸಂಚಿಕೆಗಳಲ್ಲೂ ಕಾಣುತ್ತವೆ. ಅಡಿಬರಹದಲ್ಲಿ ಗಣ್ಯರೆಲ್ಲರ ಹೆಸರಿರುತ್ತದೆ. ಮಗುವಿನ ಹೆಸರು ಅನೇಕ ವೇಳೆ ಇರುವುದಿಲ್ಲ. ಇದರಲ್ಲಿ ದುರುದ್ದೇಶವಿಲ್ಲ. ದಾನದ ವಿನಿಯೋಗವನ್ನು ತೋರಿಸುವುದು ಸಂಸ್ಥೆಯ ಕರ್ತವ್ಯವೇ ಸರಿ. ಆದರೆ ಕೊಡುವವನಲ್ಲಿ ಅಹಂಕಾರವಾಗಲಿ, ಪಡೆಯುವವನಲ್ಲಿ ದೈನ್ಯವಾಗಲಿ ಇರದಿರುವುದೇ ದಾಸೋಹ. ಆ ಚಿತ್ರ ಮಗುವನ್ನು ಎಂದೆಂದಿಗೂ ಕೈಚಾಚಿದವನಾಗಿಯೇ ಉಳಿಸುವುದಾದರೆ ದಾಸೋಹದ ಧರ್ಮಕ್ಕೆ ಅಷ್ಟರಮಟ್ಟಿಗೆ ಕುಂದು ಬಂದಂತೆ.

ಇದಕ್ಕೆ ಪರಿಹಾರ ಚಿತ್ರಗಳ ನಿಷೇಧವಲ್ಲ. ಚಿತ್ರದ ಪಕ್ಕದಲ್ಲಿ ನುಡಿಗೂ ಸ್ಥಾನ ಕೊಡುವುದು. ಪ್ರಸಾದ ನಿಲಯದಲ್ಲಿ ಉಂಡು ಓದಿ ಹೋದವರಲ್ಲಿ ಅಧಿಕಾರಿಗಳೂ ವೈದ್ಯರೂ ಇರುವಂತೆ ಬಸ್ ಚಾಲಕರು, ದರ್ಜಿಗಳು, ರೈತರು, ಮದುವೆ ಮುಂಜಿಗಳಲ್ಲಿ ಫೋಟೋ ತೆಗೆಯುವವರೂ ಇದ್ದಾರೆ. ಸ್ಮರಣ ಸಂಚಿಕೆಗಳು ಮೊದಲನೆಯವರಿಂದ ಸಂದೇಶವನ್ನು ಬೇಡುತ್ತವೆ. ಎರಡನೆಯವರ ಗುಂಪುಚಿತ್ರವನ್ನು ಅಚ್ಚಿಸಿ ಸುಮ್ಮನಾಗುತ್ತವೆ. ಈ ಎರಡನೆಯವರಿಂದಲೂ ತಲಾ ಒಂದು ಪುಟವನ್ನು ಅವರ ಮಾತಿನಲ್ಲಿ, ಅವರ ಹೆಸರಿನಲ್ಲಿ ಬರೆಯಿಸಬೇಕು. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಚಿತ್ರವೊಂದನ್ನು ತೆಗೆಯಲು ಹೇಳಿದಾಗ, ಅದರಲ್ಲಿರುವವರೊಡನೆ ಮಾತನಾಡಿ ಹತ್ತು ಸಾಲು ಬರೆದುತರಲೂ ಹೇಳಬೇಕು. ತಾನು ತೆಗೆದ ಚಿತ್ರದ ಬಗ್ಗೆ ಹತ್ತು ಸಾಲು ಬರೆಯಲಾರದ ವಿದ್ಯಾರ್ಥಿ ಇನ್ನೂ ನೋಡುವುದನ್ನು ಕಲಿತಿಲ್ಲವೆಂದೇ ತಿಳಿಯಬೇಕು. ದಾನಿಗಳಾದರೂ ತಮ್ಮ ನೆರವಿನಿಂದ ಓದಿದವನ ಫೋಟೋ ಕೇಳುವುದಕ್ಕಿಂತ, ಹತ್ತು ವರ್ಷಗಳ ಬಳಿಕ ಅವನು ಬರೆಯುವ ಪತ್ರವನ್ನು ನಿರೀಕ್ಷಿಸುವುದು ಶ್ರೇಯಸ್ಕರ. ಆ ಪತ್ರದಲ್ಲಿ ಕೃತಜ್ಞತೆ ಇರಬಹುದು, ಕುಂದುಕೊರತೆಯ ಮಾತೂ ಇರಬಹುದು. ಎರಡನ್ನೂ ಸಮನಾಗಿ ಕೇಳಬಲ್ಲವರೇ ದಾಸೋಹಿಗಳು.

ಶಾಲಾ ಶಿಕ್ಷಣವನ್ನೂ ಮುಗಿಸದಿದ್ದ ಗಾರ್ಡನ್ ಪಾರ್ಕ್ಸರಿಗೆ ಮುಂದೆ ವಿಶ್ವವಿದ್ಯಾನಿಲಯಗಳಿಂದ ನಲವತ್ತಕ್ಕೂ ಮಿಕ್ಕಿ ಗೌರವ ಪದವಿಗಳು ಸಂದವು. ೨೦೦೬ರಲ್ಲಿ ತೊಂಬತ್ತಮೂರನೆಯ ವಯಸ್ಸಿನಲ್ಲಿ ನಿಧನರಾಗುವವರೆಗೂ ಅವರು ಕ್ಯಾಮೆರಾವನ್ನು ದೂರಮಾಡಲಿಲ್ಲ, ಲೇಖನಿಯನ್ನೂ ಕೆಳಗಿಡಲಿಲ್ಲ. ಅವರ ಬಾಳು ಕಲಿಸುವ ಪಾಠ ಛಾಯಾಗ್ರಾಹಕರಿಗೆ ಮಾತ್ರ ಸೀಮಿತವಾದುದಲ್ಲ. ಲೋಕವನ್ನು ಪರರಿಗೆ ತೋರಿಸುವ ಕಾಯಕ ಹೊತ್ತವರೆಲ್ಲರೂ, ಅಧ್ಯಾಪಕರೂ ಅವರಲ್ಲೊಬ್ಬರು, ಆಗಾಗ ತಮ್ಮ ಕಾಯಕದ ಲೆಕ್ಕವನ್ನು ತಮಗೆ ತಾವೇ ನುಡಿಯಲ್ಲಿ ಒಪ್ಪಿಸಿಕೊಳ್ಳಬೇಕು. ಪಡೆದವರಿಗೂ ಅಂಕಿತವಿಡುವ ಅಧಿಕಾರವನ್ನು ಕೊಟ್ಟ ವಿದ್ಯಾಸಂಸ್ಥೆಯೇ ಶರಣರ ಹೆಸರನ್ನು ಹೇಳಲು ಅರ್ಹವಾದುದು.