ಬೆರಳ ತುದಿಯ ಬಿಟ್ಟಿ ಚಾಕರಿ

ಹಾಸ್ಟೆಲ್ ಹುಡುಗರು ಮೊಬೈಲಿನಿಂದ ಕೆಟ್ಟುಹೋದರು ಅಂತ ಮೇಷ್ಟ್ರೊಬ್ಬರು ಭಾಷಣ ಬಿಗಿದರು. ಸ್ವಾಮಿ, ಕೆಟ್ಟದ್ದು ನಿಜ. ಕೆಡಿಸಿದವರು ಯಾರು? ಅದನ್ನು ಮಾತ್ರ ಅವರು ಹೇಳಲಿಲ್ಲ.

ನನ್ನದೇ ಹೇಳ್ತೀನಿ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. 2020ರಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿದಾಗ, ಮಗ ಪಾಠ ಕೇಳಲಿ ಅಂತ ಅವ್ವ ಸಂಘದ ಸಾಲ ತೆಗೆದು ಫೋನು ಕೊಡಿಸಿದಳು. ಪಾಠ ನಿಂತಿತು, ಫೋನು ನಿಲ್ಲಲಿಲ್ಲ. ಆ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯ್ತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಒಬ್ಬ ಧಣಿ ಹೋದ, ಇನ್ನೊಬ್ಬ ಬಂದ. ಹತ್ತು ಗಂಟೆಗೆ ಪುಸ್ತಕ ಬಿಚ್ಚಿ, ಒಂದೇ ಒಂದು ನೋಡಿ ಓದೋಣ ಅಂತ ಕೂತರೆ ರಾತ್ರಿ ಎರಡಾಗ್ತಿತ್ತು. ಮಗ ಓದ್ತಿದಾನೆ ಅಂತ ಅವ್ವ ದೀಪ ಆರಿಸದೆ ಮಲಗುತ್ತಿದ್ದಳು. ಮುಂದಿನ ಪರೀಕ್ಷೆಯಲ್ಲಿ ಎರಡು ವಿಷಯ ಹೋದವು. ಸಾಲದ ಕಂತನ್ನು ಮಾತ್ರ ಅವ್ವ ತಪ್ಪಿಸಲಿಲ್ಲ.

ಇದು ಬರೀ ಸೋಮಾರಿತನ ಅಲ್ಲ. ಪುಸ್ತಕಕ್ಕೆ ಕೊನೆಯ ಪುಟ ಇದೆ. ಈ ಪರದೆಗೆ ಕೊನೆಯೇ ಇಲ್ಲದಂತೆ ಲೆಕ್ಕ ಹಾಕಿ ಕಟ್ಟಿದ್ದಾರೆ. ನಾವು ಎಲ್ಲಿ ನಿಂತೆವು, ಯಾವುದಕ್ಕೆ ಲೈಕ್ ಒತ್ತಿದೆವು ಎಲ್ಲ ಬರೆದುಕೊಂಡು, ಅಂಥದ್ದೇ ಇನ್ನೊಂದನ್ನು ಮುಂದೆ ಎಸೀತಾರೆ. ನಮ್ಮ ಹೊತ್ತನ್ನು ಜಾಹೀರಾತಿನವರಿಗೆ ಮಾರಿಕೊಳ್ತಾರೆ. 1976ರ ಕಾಯಿದೆಯಿಂದ ಜೀತ ರದ್ದಾಯ್ತಂತೆ! ಅಪ್ಪಂದಿರು ಗೌಡರ ಕಣದಲ್ಲಿ ಮಾಡಿದ ಬಿಟ್ಟಿ ಚಾಕರಿಯನ್ನು ಮಕ್ಕಳು ಬೆರಳ ತುದಿಯಲ್ಲಿ ಮಾಡ್ತಿದ್ದೇವೆ. ಅಪ್ಪನಿಗೆ ಅದು ಜೀತ ಅಂತ ಗೊತ್ತಿತ್ತು. ನಮಗೆ ಗೊತ್ತಿಲ್ಲ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಇವತ್ತು ಮೂಟೆಗಟ್ಟಲೆ ಬೂಸಾ ನಮ್ಮ ಮುಂದೆ ಸುರೀತಿದಾರೆ. ನಾವು ಮೆಲುಕು ಹಾಕ್ತಾ ಕೂತಿದ್ದೇವೆ.

ಹಾಗಂತ ಫೋನು ಒಡೆದುಹಾಕಿ ಅನ್ನುವವನಲ್ಲ ನಾನು. 2016ರಲ್ಲಿ ಹೈದರಾಬಾದಿನ ರೋಹಿತ್ ವೇಮುಲ ಸತ್ತ ಸುದ್ದಿ ದೇಶದ ಕಾಲೇಜು ಕಾಲೇಜಿಗೆ ಮುಟ್ಟಿದ್ದರಲ್ಲಿ ಈ ಫೋನಿನ ಪಾಲೂ ಇದೆ. ಆಯುಧ ಯಾರ ಕೈಲಿದೆ ಅನ್ನೋದೇ ಪ್ರಶ್ನೆ. ಮೇಷ್ಟ್ರೇ, ನಿಮಗೂ ಒಂದು ಮಾತು: ಲೈಬ್ರರಿಗೆ ಬೀಗ ಜಡಿದು, ಹುದ್ದೆಗಳನ್ನು ಖಾಲಿ ಬಿಟ್ಟು, 'ಓದಿ ಏನಾಗ್ತದೆ' ಅನ್ನುವ ಗತಿಗೆ ತಂದವರನ್ನು ಬಿಟ್ಟು ಹುಡುಗರನ್ನೇ ಬೈಯಬೇಡಿ.

ಗೆಳೆಯರೇ, ಬಾಬಾಸಾಹೇಬರು ಹೋರಾಟಕ್ಕೂ ಮೊದಲು ಇಟ್ಟದ್ದು ಓದನ್ನು. ಸಂಜೆ ಏಳರಿಂದ ಹತ್ತರ ತನಕ ಫೋನುಗಳು ಟ್ರಂಕಿನಲ್ಲಿರಲಿ. ಒಬ್ಬ ಗಟ್ಟಿಯಾಗಿ ಓದಲಿ, ಉಳಿದವರು ಪ್ರಶ್ನೆ ಕೇಳಲಿ. ಹತ್ತಾದ ಮೇಲೆ ಅದೇ ಫೋನು ತೆಗೆದು, ಲೈಬ್ರರಿ ಬೀಗ ತೆಗೆಸೋ ಅರ್ಜಿ ಬರೆಯೋಣ, ನಾಲ್ಕು ಜನರನ್ನು ಸೇರಿಸೋಣ. ಅವ್ವಂದಿರ ಸಾಲ ತೀರೋದು ಹೀಗೆ.