ಗಣಕಯಂತ್ರಕ್ಕೂ ಒಂದು ಕಿರ್ದಿ ಬೇಕು

ಮೋಕದ ಸುತ್ತಲಿನ ರೈತರು ಹತ್ತಿ, ಮೆಣಸಿನಕಾಯಿ ಒಯ್ದು ಹಾಕುವ ದಲಾಲಿ ಅಂಗಡಿಗಳಲ್ಲಿ ಈಗ ಕೆಂಪು ಬಟ್ಟೆಯ ಹೊದಿಕೆಯ ಖಾತೆ-ಕಿರ್ದಿಗಳು ಅಪರೂಪ. ಲೆಕ್ಕವೆಲ್ಲ ಗಣಕಯಂತ್ರದಲ್ಲಿದೆ. ಹಳೆಯ ಕಿರ್ದಿಯಲ್ಲಿ ಅಂಕಿಯೊಂದನ್ನು ತಿದ್ದಿದರೆ ಹೊಡೆದುಹಾಕಿದ ಗೆರೆ ಉಳಿಯುತ್ತಿತ್ತು, ಶಾಯಿಯ ಬಣ್ಣ ಬೇರೆಯಾಗುತ್ತಿತ್ತು. ಪರದೆಯ ಮೇಲಿನ 12 ಅಳಿದು 11 ಆದರೆ, ಅದು ಹುಟ್ಟಿನಿಂದಲೂ 11 ಆಗಿದ್ದಂತೆಯೇ ಕುಳಿತಿರುತ್ತದೆ.

ನನ್ನ ಶಿಷ್ಯರಲ್ಲಿ ಹಲವರು ತಂತ್ರಾಂಶ ಬರೆಯುವ ಉದ್ಯೋಗದಲ್ಲಿದ್ದೀರಿ. ನಿಮ್ಮನ್ನೇ ಕೇಳುತ್ತೇನೆ: ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನು ಸಾಮಾನ್ಯನಿಗೆ ತಿಳಿಯುವ ಮಾತಿನಲ್ಲಿ ಬರೆದಿಡುವ ದಿನವಹಿಯೊಂದನ್ನು ನೀವು ಏಕೆ ಕೊಡುವುದಿಲ್ಲ?

"ಸಾರ್, ಲಾಗ್ ಇದ್ದೇ ಇರುತ್ತದೆ" ಎನ್ನುವಿರಿ. ಇದೆ, ಆದರೆ ಯಾರಿಗಾಗಿ? ವಿಂಡೋಸ್‌ನಲ್ಲಿ ಎನ್.ಟಿ. ಆವೃತ್ತಿ ಬಂದ 1993ರಿಂದಲೂ ಈವೆಂಟ್ ವ್ಯೂವರ್ ಎಂಬುದೊಂದಿದೆ. ಅದನ್ನು ತೆರೆದು ನೋಡಲಾಗಿ 6008 ಎಂಬ ಸಂಖ್ಯೆ ಕಾಣುತ್ತದೆ. ಹಿಂದಿನ ಸಲ ಯಂತ್ರ ಅನಿರೀಕ್ಷಿತವಾಗಿ ನಿಂತಿತು ಎಂಬುದು ಅದರ ಅರ್ಥವಂತೆ. ನಮ್ಮ ಕಡೆ ಅದನ್ನು 'ಕರೆಂಟು ಹೋಯಿತು' ಎನ್ನುತ್ತೇವೆ!

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಬ್ರಿಟನ್ನಿನ ಅಂಚೆ ಇಲಾಖೆಯು 1999ರಿಂದ ಹೊರೈಜನ್ ಎಂಬ ತಂತ್ರಾಂಶವನ್ನು ತನ್ನ ಶಾಖೆಗಳಲ್ಲಿ ಅಳವಡಿಸಿತು. ಅದು ತೋರಿಸಿದ ಹುಸಿ ಕೊರತೆಯನ್ನು ನಂಬಿ, ಕಳ್ಳತನ ಮತ್ತು ಸುಳ್ಳುಲೆಕ್ಕದ ಆರೋಪದ ಮೇಲೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಭಾರತೀಯ ಮೂಲದ ಸೀಮಾ ಮಿಶ್ರಾ ಎಂಬಾಕೆ 2010ರಲ್ಲಿ ಸೆರೆಮನೆಗೆ ಹೋದಾಗ ಗರ್ಭಿಣಿ. ಯಂತ್ರದ ಒಳದಾಖಲೆ ತಂತ್ರಾಂಶ ಬರೆದ ಕಂಪನಿಯ ಬಳಿ ಇತ್ತು. ಕಟಕಟೆಯಲ್ಲಿ ನಿಂತವರು ಅದನ್ನು ತಾವಾಗಿ ತೆರೆದು ನೋಡುವಂತಿರಲಿಲ್ಲ. ತಂತ್ರಾಂಶದಲ್ಲಿ ದೋಷವಿತ್ತೆಂದೂ, ಶಾಖೆಯವರಿಗೆ ತಿಳಿಯದಂತೆ ದೂರದಿಂದಲೇ ಲೆಕ್ಕ ತಿದ್ದಲು ಸಾಧ್ಯವಿತ್ತೆಂದೂ ನ್ಯಾಯಾಲಯ ಹೇಳಿದ್ದು 2019ರಲ್ಲಿ. ಸೀಮಾ ನಿರ್ದೋಷಿಯಾದದ್ದು 2021ರಲ್ಲಿ. ನಮ್ಮ ಹಳ್ಳಿಯ ಅಂಚೆಯವನನ್ನೋ ಸಹಕಾರ ಸಂಘದ ಗುಮಾಸ್ತನನ್ನೋ ಆ ಕಟಕಟೆಯಲ್ಲಿ ಕಲ್ಪಿಸಿಕೊಳ್ಳಿರಿ. ಅವನ ಪರವಾಗಿ ಸಾಕ್ಷಿ ನುಡಿಯುವವರು ಯಾರು?

ನಮ್ಮ ಸರ್ಕಾರ ಅರ್ಧ ದಾರಿ ನಡೆದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕು, ಆ ವ್ಯವಸ್ಥೆಯನ್ನು ಯಾರೂ ನಿಲ್ಲಿಸುವಂತಿರಬಾರದು ಎಂಬ ನಿಯಮವಿದೆ. ಬೆಂಗಳೂರಿನ ಟ್ಯಾಲಿ ಸಂಸ್ಥೆ ಇದಕ್ಕೆಂದೇ 'ಎಡಿಟ್ ಲಾಗ್' ಇರುವ ಆವೃತ್ತಿಯನ್ನು ತಂದಿತು. ಸಂತೋಷವೇ. ಆದರೆ ನಿಯಮ ಕಂಪನಿಗಳಿಗಷ್ಟೇ. ಒಬ್ಬನೇ ಮಾಲೀಕನಿರುವ ದಲಾಲಿ ಅಂಗಡಿಗೆ ಅನ್ವಯಿಸದು. ಆ ದಾಖಲೆಯನ್ನು ಓದುವವರೂ ಲೆಕ್ಕಪರಿಶೋಧಕರೇ ಹೊರತು ಗುಮಾಸ್ತನಲ್ಲ, ರೈತನಂತೂ ಅಲ್ಲವೇ ಅಲ್ಲ.

ಇಂಥ ದಾಖಲೆ ನೌಕರರ ಮೇಲಿನ ಬೇಹುಗಾರಿಕೆಯಾದೀತು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗುಮಾಸ್ತ ಎಷ್ಟು ಹೊತ್ತಿಗೆ ಚಹಾ ಕುಡಿಯಲು ಎದ್ದ ಎಂಬುದು ಯಂತ್ರಕ್ಕೆ ಬೇಡದ ಸಂಗತಿ. ಲೆಕ್ಕದ ತಿದ್ದುಪಡಿ ಮಾತ್ರ ದಾಖಲಾಗಲಿ. ದಾಖಲಾದದ್ದನ್ನು ಮಾಲೀಕನಷ್ಟೇ ಸಲೀಸಾಗಿ ಗುಮಾಸ್ತನೂ ಓದಲಿ. ಇಬ್ಬರಿಗೂ ಅಳಿಸಲು ಬಾರದಿರಲಿ. 'ಸಂಜೆ 4-10ಕ್ಕೆ 27ನೆಯ ಚೀಟಿಯ ತೂಕವನ್ನು 12 ಕ್ವಿಂಟಲಿನಿಂದ 11ಕ್ಕೆ ಇಳಿಸಲಾಯಿತು, ಮಾಲೀಕರ ಗುಪ್ತಪದದಿಂದ' ಎಂಬ ಒಂದು ಕನ್ನಡ ವಾಕ್ಯ ಸಾಕು. ರೈತ ಕೇಳಿದರೆ ತನ್ನ ಚೀಟಿಯ ಮಟ್ಟಿಗೆ ಅದರ ಮುದ್ರಿತ ಪ್ರತಿ ಅವನ ಕೈಗೆ ಬರಬೇಕು. ಪಹಣಿಗಾಗಿ ಬಂದ 'ಭೂಮಿ' ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕೆಲಸಕ್ಕೆ ಕೂರುವ ಏರ್ಪಾಡು ಎರಡು ದಶಕಗಳ ಹಿಂದೆಯೇ ಬಂದಿತ್ತು. ಹೊಲಕ್ಕೆ ಸಾಧ್ಯವಾದದ್ದು ಬೆಳೆಗೆ ಅಸಾಧ್ಯವೆಂದು ನೀವು ಹೇಳಿದರೆ ನಾನು ಒಪ್ಪಲಾರೆ.

ಇನ್ನು, ದಾಖಲೆ ಬೆಳೆದು ಯಂತ್ರದಲ್ಲಿ ಜಾಗ ಸಾಲದು ಎಂಬ ನೆಪ. ಅದನ್ನು ನನ್ನೆದುರು ಹೇಳಬೇಡಿರಿ. ನಿಮ್ಮ ಮದುವೆಯ ವಿಡಿಯೊ ಹಿಡಿಯುವಷ್ಟು ಜಾಗದಲ್ಲಿ ಅಂಥ ಅಂಗಡಿಯ ಹತ್ತು ವರ್ಷಗಳ ತಿದ್ದುಪಡಿಗಳು ಹಿಡಿದು ಇನ್ನೂ ಸ್ಥಳ ಮಿಗುತ್ತದೆ.